ತಾಲೀಮಿನಾಗ ಸಿಕ್ಕ ಗಂಡ

ಬಾರವ್ವಾ, ಇಲ್ಲೇ ಕಟ್ಟಿ ಮ್ಯಾಲೆ ಕುಂದ್ರು. ನಾನು ನಾಟಕದಾಗ ಪಾತ್ರ ಮಾಡ್ತಿದ್ದಾಗಿನ ಒಂದು ಸಂಗ್ತಿ ಹೇಳ್ತೀನಿ. ಊರಿಗೆ ಇನ್ನೂ ಟೀವಿ ಬಂದಿರಲಿಲ್ಲ. ಹಡಗಲಿ ಕಡೆ ಒಂದೂರಿನ ಹುಡುಗ್ರು ನಾಟಕ ಆಡಾಕಂತ ಹೆಂಡ್ತಿ ಪಾತ್ರಕ್ಕ ನನ್ನ ಕರೆಸಿದ್ರು. ಗಂಡನ ಪಾತ್ರ ಊರಗೌಡ್ರ ಮಗಂದು. ತಾಲೀಮಿನಾಗ ಆತ ಹಿಡಿದ ಕೈ ಮಾತು ಮುಗಿದ್ರೂ ಬಿಡವಲ್ಲ. ಜಗಳಾಡಿದ್ರ ಪಾತ್ರ ಹೋಗ್ತೈತಿ, ಸುಮ್ನಿದ್ರ ಮಾನ ಹೋಗ್ತೈತಿ ಅಂತ ನನ್ನ ಜೀವ ಚಡಪಡಿಸಾಕ ಹತ್ತಿತು.

“ಕೈ ಬಿಡ್ರಿ ಗೌಡ್ರ,” ಅಂದೆ.

“ಪಾತ್ರ ಬಿಟ್ಟು ಮಾತಾಡಬ್ಯಾಡ. ನಾನೀಗ ನಿನ್ನ ಗಂಡ,” ಅಂದ. ಗೆಳೆಯರು ಕಿಸಕ್ಕಂದ್ರು.

“ಹೌದೇನು? ಮುಂಜಾನಿಂದ ಮನ್ಯಾಗ ಹನಿ ನೀರಿಲ್ಲ, ಎಲ್ಲಿ ಹಾಳಾಗಿ ಹೋಗಿದ್ದಿ? ಹಿಡಿ ಕೊಡ!” ಅಂತ ಅಲ್ಲಿದ್ದ ಕೊಡಾನ ಅವನ ಕೈಗೆ ತುರುಕಿದೆ.

ಆತ, ಹಾರ್ಮೋನಿಯಂ ನುಡಿಸಿ ನಾಟಕ ಕಲಿಸೋ ಪೇಟಿ ಮಾಸ್ತರ ಮಾರಿ ನೋಡಿದ. ಮಾಸ್ತರು ಪೇಟಿಯಿಂದ ತಲಿ ಎತ್ತದನ, “ಪಾತ್ರ ಬಿಡಬ್ಯಾಡ್ರಿ ಗೌಡ್ರ, ಬಾವಿ ಇಲ್ಲೇ ಐತಿ,” ಅಂದ್ರು. ತಾಲೀಮು ನೋಡಾಕ ಊರೆಲ್ಲ ನೆರೆದಿತ್ತು. ಕೊಡ ಹೊತ್ತು ಹೋದ.

ಅವನ ಖರೇ ಹೆಂಡ್ತಿ ಸುದ್ದಿ ಕೇಳಿ, ಮನಿ ನೀರೂ ಅವನ ಕಡೆಯಿಂದನ ತರಿಸಿದ್ಲಂತ. ಮಾಸ್ತರು ಆ ಜಗಳಾನ ನಾಟಕಕ್ಕ ಸೇರಿಸಿ ಸೀಟಿ ಹೊಡಿಸಿಕೊಂಡ್ರು. ನನಗ ಮಾತ್ರ, ಈ ಸುದ್ದಿ ಹಬ್ಬಿ, ಆಮ್ಯಾಲೆ ಯಾವೂರಾಗೂ ಹೆಂಡ್ತಿ ಪಾತ್ರ ಕೊಡಲಿಲ್ಲ. ಇಪ್ಪತ್ತೈದರ ವಯಸ್ಸಿಗನ ನಾಟಕದ ಹೀರೋಗಳಿಗೆಲ್ಲ ತಾಯಿ ಆದೆ. ಕೈ ಹಿಡಿಯೋರಿಲ್ಲ, ಎಲ್ಲಾರೂ ಕಾಲಿಗೇ ಬೀಳೋರು.