ನೋಡಲು ಬಂದು ನೋಡದೆ ಹೋದವರು

ನನ್ನನ್ನು ನೋಡಲು ಬಂದ ವರ ಒಬ್ಬರೇ. ಆದರೆ ಕನ್ಯೆ ನೋಡುವ ಶಾಸ್ತ್ರ ಒಂದೇ ದಿನ ಎರಡು ಸಲ ನಡೆಯಿತು.

ನಮ್ಮ ಜಿಲ್ಲೆ ಮುಂಬಯಿ ರಾಜ್ಯ ಬಿಟ್ಟು ಮೈಸೂರಿಗೆ ಸೇರಿದ ಹೊಸತು. ಸಿಂದಗಿಯ ಸಾಲಿ ಮಾಸ್ತರರೊಬ್ಬರು ತಾಯಿಯೊಂದಿಗೆ ಬಾಗೇವಾಡಿಯ ನಮ್ಮ ಮನೆಗೆ ಬಂದರು. ನಾನು ಚಹಾ ತಂದಿಟ್ಟೆ. ಮಾತು ಬೆಳೆಸಲೆಂದು ಅಪ್ಪ ಕೇಳಿದರು: "ಸಿಂದಗ್ಯಾಗ ಮಳಿ ಹ್ಯಾಂಗೈತ್ರಿ?"

ಯಾವುದೋ ವಿಚಾರದಲ್ಲಿದ್ದ ಮಾಸ್ತರರು ಬೆಚ್ಚಿಬಿದ್ದು, "ನಿಮ್ಮ ಓದು ಎಲ್ಲಿತನಕಾ ಆಗೈತ್ರಿ?" ಎಂದರು.

"ನಂದು ಮುಲ್ಕಿ ಪರೀಕ್ಷಾ ಆಗೈತಿ," ಎಂದರು ಅಪ್ಪ ಗಂಭೀರವಾಗಿ.

ಅವರು ಹೋದಮೇಲೆ ಅಪ್ಪ ತೀರ್ಪು ಕೊಟ್ಟೇಬಿಟ್ಟರು: "ಇಂಥ ಖಬರಗೇಡಿಗೆ ಮಗಳನ್ನ ಕೊಡೂದಿಲ್ಲ."

ಖಬರು ಎಂದರೆ ಮೂಲದಲ್ಲಿ ಸುದ್ದಿ. ನಮ್ಮ ಕಡೆ ಎಚ್ಚರಕ್ಕೂ ಅದೇ ಶಬ್ದ. ಎರಡಕ್ಕೂ ಒಂದೇ ಶಬ್ದ ಯಾರು ಮಾಡಿದರೋ, ಚಲೋ ಮಾಡಿದ್ದಾರೆ. ಕಣ್ಣೆದುರು ಇರುವುದರ ಸುದ್ದಿ ಮನಸ್ಸಿಗೆ ಮುಟ್ಟುವುದೇ ಅಲ್ಲವೇ ಎಚ್ಚರ? ಋಷಿಗಳು ಇದಕ್ಕಾಗಿ ಕಾಡಿಗೆ ಹೋದರಂತೆ. ನಮ್ಮವ್ವ ಮಾತ್ರ ಹಾಲು ಉಕ್ಕಿದಾಗಲೆಲ್ಲ, "ಖಬರ್ ಎಲ್ಲೈತಿ?" ಎಂದು ಕೇಳಿಯೇ ಕಲಿಸುತ್ತಿದ್ದಳು.

ನಾನು ರೇಷ್ಮೆ ಸೀರೆ ಬಿಚ್ಚಿಟ್ಟು, ಹಳೆಯದೊಂದನ್ನು ಸುತ್ತಿಕೊಂಡು, ಅಂಗಳದಲ್ಲಿ ಜೋಳ ಹಸನು ಮಾಡಲು ಕುಳಿತಿದ್ದೆ. ಬಾಗಿಲಲ್ಲಿ ಮಾಸ್ತರರು! ಓಡಿ ಬಂದು ಏದುಸಿರು ಬಿಡುತ್ತಿದ್ದರು.

"ಏನರೆ ಮರತು ಹೋದಿರೇನ್ರಿ?" ಎಂದೆ.

"ಹೌದ್ರಿ. ಹುಡುಗಿ ಹ್ಯಾಂಗದಾಳ ಅಂತ ಬಸ್ ಹತ್ತೂ ಮುಂದ ಅವ್ವ ಕೇಳಿದ್ಳು. ಏನ್ ಕೇಳಬೇಕು ಅಂತ ವಿಚಾರ ಮಾಡೂದ್ರಾಗ ನಿಮ್ಮನ್ನ ನೋಡೂದ ಉಳದೈತ್ರಿ."

ನಗು ಬಂತು. ಆಗ ಹೊಳೆಯಿತು: ನಾನಾದರೂ ಅವರನ್ನೆಲ್ಲಿ ನೋಡಿದ್ದೆ? ಚಹಾ ಚೆಲ್ಲೀತೆಂದು ನನ್ನ ಜೀವವೆಲ್ಲ ಕಪ್ಪು-ಬಶಿಯಲ್ಲೇ ಇತ್ತಲ್ಲ! ಮೊರ ಕೆಳಗಿಟ್ಟು ನೆಟ್ಟಗೆ ನೋಡಿದೆ. ಹಣೆಯ ಮೇಲೆ ಬೆವರು, ಮುಖದ ತುಂಬ ನಾಚಿಕೆ, ಸುಳ್ಳು ಹೇಳಲು ಬಾರದ ಕಣ್ಣು. ಅವರೂ ನೋಡಿದರು. ಇಬ್ಬರಿಗೂ ಕೇಳುವ ಪ್ರಶ್ನೆ ಒಂದೂ ಉಳಿಯಲಿಲ್ಲ.

ದೂರದಲ್ಲಿ ಬಸ್ಸು ಹೊರಟ ಸದ್ದಾಯಿತು. ತುಸು ಹೊತ್ತಿಗೆ ಅವರ ತಾಯಿ ಮಗನನ್ನು ಬೈಯುತ್ತ ಬಂದರು. ಅಪ್ಪ ಹುಬ್ಬು ಗಂಟಿಕ್ಕಿ ಹೊರಬಂದರು.

"ಅಪ್ಪಾ, ಇವರಿಬ್ಬರಿಗೂ ರೊಟ್ಟಿ ಬಡೀಲೇನು?" ಎಂದೆ.

ಅಪ್ಪ ನನ್ನ ಮುಖ ನೋಡಿದರು. ಹುಬ್ಬು ಸಡಿಲಾಯಿತು. "ಬಡಿಯವಾ," ಎಂದರು. ಅಲ್ಲಿಗೆ ಲಗ್ನ ನಿಶ್ಚಯವಾಯಿತು.

ಲಗ್ನವಾದ ಮೇಲೆ ಮಾಸ್ತರರು ಸುಧಾರಿಸಿದರೇ ಎಂದು ಕೇಳಬೇಡಿ. ಸಂತೆಗೆಂದು ಹೋಗಿ, ಯಾರದೋ ಕಟ್ಟೆಯ ಮೇಲೆ ಹರಟಿ, ಖಾಲಿ ಚೀಲ ಹಿಡಿದು ಬರುತ್ತಾರೆ. ನನ್ನ ಪಲ್ಯವೂ ಆಗಾಗ ಹೊತ್ತುತ್ತದೆ. ಹಗಲೆಲ್ಲ ಎಚ್ಚರವಾಗಿರುವುದು ಸಂತರಿಗೆ ಸಾಧ್ಯವಿದ್ದೀತು. ನಮ್ಮಂಥ ಸಂಸಾರಸ್ಥರ ಮನಸ್ಸು ಊರೂರು ಅಲೆಯುವಂಥದೇ. ಬಸ್ಸು ತಪ್ಪಿದರೂ ಸರಿಯೆಂದು ಒಮ್ಮೊಮ್ಮೆ ತಿರುಗಿ ಬಂದರೆ ಸಾಕು.