ಪರದೆ ಹಗ್ಗದ ಪಕ್ಕ ಕೂತವರು

ಆ ಹಾಡು ಕ್ಯಾಸೆಟ್ಟಿನ ಎರಡನೆಯ ಬದಿಯಲ್ಲಿ ಬಂತು. ರಾಗ ಶುರುವಾದ ಕೂಡಲೇ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಕೂತ್ಕೋ ಮ್ಯಾನ್, ರಾಷ್ಟ್ರಗೀತೆ ಅಲ್ಲ ಅದು," ಎಂದರು ಮಿಸ್.

ಮಿಸ್ ಎಂದರೆ ನಮ್ಮ ಚಿನ್ನದ ಗಣಿಯ ಊರಿನ ನಂದಿದುರ್ಗ ಮೈನ್ಸ್ ಕಡೆ ಹಳೆಯ ಮನೆಯೊಂದರಲ್ಲಿ ಒಬ್ಬರೇ ಇದ್ದ ಆಂಗ್ಲೋ ಇಂಡಿಯನ್ ಟೀಚರು. ನಿವೃತ್ತರಾಗಿದ್ದರು. ಇಂಗ್ಲೆಂಡಿನಲ್ಲಿ ನೆಲೆಸಿದ್ದ ಅವರ ತಂಗಿ ಆಗಾಗ ಕ್ಯಾಸೆಟ್ ಕಳಿಸುತ್ತಿದ್ದರು. ಅದು ತೊಂಬತ್ತರ ದಶಕದ ಆರಂಭ. ಒಂದು ಕಾಲಕ್ಕೆ ಲಂಡನ್ನಿನ ರಂಗಮಂದಿರಗಳಲ್ಲಿ ನಡೆದು, ಆಮೇಲೆ ಎಲ್ಲರೂ ಮರೆತುಬಿಟ್ಟ ಸಂಗೀತ ನಾಟಕಗಳ ಹಳೆಯ ಪ್ಲೇಟುಗಳನ್ನು ಅಲ್ಲಿ ಯಾರೋ ಹುಡುಕಿ, ಗರಗರ ಸದ್ದನ್ನು ಅಳಿಸಿ, ಮತ್ತೆ ಹೊರಗೆ ತರುತ್ತಿದ್ದರು. ಪಾತ್ರ ಮಾಡಿದವರೇ ಹಾಡಿದ ಪ್ಲೇಟುಗಳು ಅವು. ನಮ್ಮ ಕಂಪನಿ ನಾಟಕಗಳು ಹೋಗಿ ಅವುಗಳ ಹಾಡು ಮಾತ್ರ ಗ್ರಾಮಫೋನಿನಲ್ಲಿ ಉಳಿಯಲಿಲ್ಲವೇ, ಹಾಗೆ. ಹಾಡಿನ ನಡುವೆ ಒಂದೆರಡು ಮಾತು, ಒಂದು ನಗು, ಬಾಗಿಲು ಬಡಿದ ಸದ್ದು. ಮಿಕ್ಕ ನಾಟಕವನ್ನು ನಾವೇ ಊಹಿಸಿಕೊಳ್ಳಬೇಕು. ಶನಿವಾರ ಮಧ್ಯಾಹ್ನ ನಾನು ಅಲ್ಲಿಗೆ ಹೋಗಿ ಊಹಿಸಿಕೊಳ್ಳುತ್ತಾ ಕೂರುತ್ತಿದ್ದೆ.

ಉಳಿದ ದಿನಗಳಲ್ಲಿ ಊಹಿಸಲು ಏನೂ ಇರಲಿಲ್ಲ. ಬೆಳಿಗ್ಗೆ ಮಾರಿಕುಪ್ಪಂನಲ್ಲಿ ರೈಲು ಹತ್ತುವುದು, ಬಂಗಾರಪೇಟೆಯ ಕಾಲೇಜಿನಲ್ಲಿ ಚರಿತ್ರೆ ಪಾಠ ಮಾಡುವುದು, ಸಂಜೆ ಅದೇ ರೈಲಿನಲ್ಲಿ ಹಿಂದಕ್ಕೆ. ಮಾರಿಕುಪ್ಪಂನಲ್ಲಿ ಹಳಿ ಮುಗಿಯುತ್ತದೆ; ಅಲ್ಲಿಂದ ಮುಂದಕ್ಕೆ ಹೋಗುವ ರೈಲೇ ಇಲ್ಲ. ಮೈಸೂರಿನಲ್ಲಿ ಎಂ.ಎ. ಮುಗಿಸಿ, ಸಂಶೋಧನೆಗೆ ಸೇರುವ ಮೊದಲು ಒಂದು ವರ್ಷ ಅಪ್ಪನ ಜೊತೆ ಇದ್ದು ಬರೋಣವೆಂದು ಎಪ್ಪತ್ತರ ದಶಕದಲ್ಲಿ ಊರಿಗೆ ಬಂದವನು ನಾನು. ಗಣಿಯ ದೂಳಿನಿಂದ ಅಪ್ಪನ ಶ್ವಾಸಕೋಶ ಕೆಟ್ಟಿತ್ತು. ಕೆಮ್ಮುತ್ತಲೇ ಆರು ವರ್ಷ ಬದುಕಿದ. ಅಷ್ಟರಲ್ಲಿ ನನಗೆ ಕೆಲಸ, ಮದುವೆ, ಮಕ್ಕಳು ಎಲ್ಲ ಆಗಿಹೋಗಿದ್ದವು.

ಆದರೂ ನಾನು ಈ ಊರಿಗಷ್ಟೇ ಸೇರಿದವನಲ್ಲ ಎಂದು ನಂಬಿದ್ದೆ. ಅದಕ್ಕೆ ಒಂದೇ ಒಂದು ನೆನಪು ಆಧಾರವಾಗಿತ್ತು.

ಅಪ್ಪ ನಮ್ಮೂರಿನ ಮೈಸೂರು ಮೈನ್ಸ್ ಎಂಬ ಗಣಿಯಲ್ಲಿ, ನೆಲದಾಳಕ್ಕಿಳಿಯುವ ಶಾಫ್ಟಿನ ಬಾಯಲ್ಲಿ ನಿಂತು ಗಂಟೆ ಹೊಡೆಯುವವನು. ಆಳುಗಳನ್ನು ಹೊತ್ತ ಕೇಜನ್ನು ಇಳಿಸುವುದಕ್ಕೊಂದು, ಎತ್ತುವುದಕ್ಕೊಂದು, ನಿಲ್ಲಿಸುವುದಕ್ಕೊಂದು ಎಣಿಕೆ. ಗಣಿಯ ಬಿಳಿ ದೊರೆಗಳು ಕ್ಲಬ್ಬಿನಲ್ಲಿ ನಾಟಕ ಆಡುವಾಗ ಪರದೆ ಎಳೆಯುವುದಕ್ಕೂ ನಡುವೆ ಬೇಕಾದ ಗಂಟೆ ಹೊಡೆಯುವುದಕ್ಕೂ ಅವನನ್ನೇ ಕರೆಸುತ್ತಿದ್ದರಂತೆ. ಇಂಗ್ಲಿಷ್ ಬಾರದಿದ್ದರೇನು, ಗಂಟೆ ಕೊಟ್ಟರೆ ತಪ್ಪದೆ ಎಳೆಯುತ್ತಾನಲ್ಲ. ಒಂದು ಸಂಜೆ ಅಪ್ಪ ನನ್ನನ್ನೂ ಕರೆದೊಯ್ದಿದ್ದ. ನನಗಾಗ ನಾಲ್ಕು ತುಂಬಿರಲಿಲ್ಲ. ಹಗ್ಗದ ಸುರುಳಿಯ ಮೇಲೆ ನನ್ನನ್ನು ಕೂರಿಸಿ, ಒಂದು ಕೈ ನನ್ನ ತಲೆಯ ಮೇಲಿಟ್ಟಿದ್ದ. ನೀಲಿ ಗೌನಿನ ಹೆಂಗಸೊಬ್ಬಳು ಹಾಡಿದಳು. ಹಳದಿ ಬೆಳಕಿನಲ್ಲಿ ಅವಳ ಮುಖ ಬೆವರಿ ಹೊಳೆಯುತ್ತಿತ್ತು.

ಇದನ್ನು ನಾನು ಹೆಂಡತಿಗೆ ಹೇಳಿದ್ದೆ, ಮದುವೆ ಮನೆಗಳಲ್ಲಿ ಹೇಳಿದ್ದೆ, ತರಗತಿಯಲ್ಲೂ ಹೇಳಿದ್ದೆ. ಈಗ ಆ ಹಾಡೇ ಟೇಪಿನಲ್ಲಿ ಸಿಕ್ಕಿತ್ತು. ಆದರೆ ಆ ಹಿಗ್ಗು, ಹಾಡು ಮುಗಿಯುವವರೆಗೂ ಉಳಿಯಲಿಲ್ಲ. ಅಪ್ಪ ಸಾಯುವ ತನಕ ಆ ರಾಗವನ್ನು ಗುನುಗುತ್ತಿದ್ದ. ನನಗೆ ರಾಗ ಗುರುತು ಸಿಕ್ಕಿತೆಂದರೆ ಅಪ್ಪ ಗುನುಗಿದ್ದನ್ನು ಕೇಳಿದ್ದೆ ಎಂದಷ್ಟೇ ಆಯಿತು. ನಾನು ಅಲ್ಲಿದ್ದೆ ಎಂದಾಗಲಿಲ್ಲ.

"ಕ್ಲಬ್ ಹಾಲ್ ಒಳಗೆ ಆಂಗ್ಲೋ ಇಂಡಿಯನ್ಸ್ ನಮ್ಗೇ ಎಂಟ್ರಿ ಇರ್ಲಿಲ್ಲ ಮ್ಯಾನ್. ನೀನು ಹೇಗೆ ಹೋದೆ?" ಎಂದು ಮಿಸ್ ಬೇರೆ ಕೇಳಿದರು.

ಒಂದೇ ಸಾಕ್ಷಿಯನ್ನು ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುವವನು ನಾನೇ. ಇನ್ನೊಂದು ಸಾಕ್ಷಿ ಬೇಕಿತ್ತು. ಮನೆಯ ಹಳೆಯ ಸಂಗತಿ ಬಲ್ಲವಳೆಂದರೆ ಅಕ್ಕ ಒಬ್ಬಳೇ. ನನಗಿಂತ ಐದಾರು ವರ್ಷ ದೊಡ್ಡವಳು. ಬಂಗಾರಪೇಟೆ ಪಕ್ಕದ ಹಳ್ಳಿಗೆ ಕೊಟ್ಟಿದ್ದರು. ಮಿಸ್ ಹತ್ತಿರ ಬೇಡಿ ಕ್ಯಾಸೆಟ್ಟನ್ನೂ ಟೇಪ್ ರೆಕಾರ್ಡರನ್ನೂ ತೆಗೆದುಕೊಂಡು ಭಾನುವಾರ ಹೋದೆ.

ಅಕ್ಕ ಜಗಲಿಯಲ್ಲಿ ಹುರುಳಿ ಕೇರುತ್ತಿದ್ದಳು. "ಅದೇನ್ಲಾ ಅದು? ಪಾಠ ಮಾಡಾದು ಬಿಟ್ಟು ಟೇಪು ಒತ್ಕಂಡು ತಿರುಗ್ತಿದ್ದೀಯಾ?"

"ಅಪ್ಪ ಗುನುಗ್ತಿದ್ದ ಹಾಡು ಸಿಕ್ಕಿದೆ ಅಕ್ಕ, ಕೇಳು."

ಹಾಡು ಶುರುವಾಯಿತು. ಮೊರ ನಿಂತಿತು. ಅಕ್ಕ ತುಟಿ ಆಡಿಸತೊಡಗಿದಳು. ಇಂಗ್ಲಿಷೂ ಅಲ್ಲದ, ಕನ್ನಡವೂ ಅಲ್ಲದ ಸದ್ದುಗಳು. ಆದರೆ ಒಂದೂ ತಾಳ ತಪ್ಪಲಿಲ್ಲ. ಎರಡನೆಯ ಚರಣ ಮುಗಿಯುವ ಮೊದಲೇ ಬೆರಳೆತ್ತಿ, "ಈಗ ಗಂಟೆ," ಎಂದಳು.

ಟೇಪಿನಲ್ಲಿ ಮರದ ಬಾಗಿಲನ್ನು ಮೂರು ಸಲ ಬಡಿದ ಸದ್ದು ಬಂತು.

"ಥೂ, ಇವ್ರಿಗೊಂದು ಗಂಟೆ ಸಿಕ್ಲಿಲ್ವಾ? ನಮ್ಮಪ್ಪ ಟಣ್ ಟಣ್ ಟಣ್ ಅಂತ ಒಡೀತಿದ್ದ."

"ಅಪ್ಪ ಹೇಳಿದ್ದನಾ ನಿನಗೆ?"

"ಏಳಾದೇನು? ಪಕ್ಕದಾಗೇ ಕೂತಿದ್ನಲ್ಲ, ಅಗ್ಗದ ಮ್ಯಾಲೆ."

"ಹಗ್ಗದ ಮೇಲೆ ಕೂತಿದ್ದು ನಾನು."

ಅಕ್ಕ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ನೀನಾ? ಆವತ್ತು ನಿಂಗೆ ಅಮ್ಮ ಎದ್ದಿತ್ತು ಕಣ್ಲಾ. ಮೈಯೆಲ್ಲಾ ಗುಳ್ಳೆ. ಬೇವಿನ ಸೊಪ್ಪಿನ ಮ್ಯಾಲೆ ಮಲಗಿಸಿದ್ರು. ನಂಗೂ ಅಂಟ್ಕಂತದೆ ಅಂತ ಅಪ್ಪ ನನ್ನ ಕರ್ಕಂಡು ಓದ."

"ನನಗೆ ಚೆನ್ನಾಗಿ ನೆನಪಿದೆ ಅಕ್ಕ. ಆ ಹೆಂಗಸಿನ ಮುಖದ ಮೇಲೆ ಹಳದಿ ಬೆಳಕು..."

"ಮುಕ ಎಂಗ್ಲಾ ಕಾಣ್ತದೆ? ಪರದೆ ಎಳೆಯೋ ಮೂಲೆ ಇಂದ್ಗಡೆ ಅಲ್ವಾ? ಅವ್ಳು ದೊರೆಗಳ ಕಡೆ ತಿರುಕ್ಕಂಡು ನಿಂತವ್ಳೆ. ನಮಗೆ ಬೆನ್ನೇ ಗತಿ. ಗೌನು ಸಾಲ್ದೆ ಬೆನ್ನಿಗೆ ಪಿನ್ನು ಚುಚ್ಚಿದ್ರು. ಒಂದು ಕಿತ್ಕಂಡು ನೇತಾಡ್ತಿತ್ತು. ಎಲ್ಲಿ ಬಿದ್ದೋಗ್ತದೋ ಅಂತ ಅದ್ನೇ ನೋಡ್ತಿದ್ದೆ. ಎಂಎ ಓದೋನೆ, ಇಷ್ಟು ಗೊತ್ತಾಗಲ್ವಾ?"

ಗೊತ್ತಾಗಿರಲಿಲ್ಲ. ನನ್ನ ನೆನಪು ಸಭೆಯ ಮುಂದಿನ ಸಾಲಿನಲ್ಲಿ ಕೂತಿತ್ತು. ಆ ಸಾಲಿನಲ್ಲಿ ನಮ್ಮವರು ಯಾರೂ ಯಾವತ್ತೂ ಕೂತವರಲ್ಲ. ಅಪ್ಪ ಗುನುಗಿದ್ದು, ಅಕ್ಕ ಚಿಕ್ಕಂದಿನಲ್ಲಿ ನನ್ನನ್ನು ಮಲಗಿಸುವಾಗ ಹೇಳಿದ್ದು, ನಾನು ಆಮೇಲೆ ನೋಡಿದ ಸಿನಿಮಾಗಳು, ಎಲ್ಲ ಸೇರಿಸಿ ಹೊಲಿದ ಮುಖ ಅದು. ಬೇರೆ ಯಾರಾದರೂ ಇಂಥ ಸಾಕ್ಷ್ಯ ತಂದಿದ್ದರೆ ಎರಡು ನಿಮಿಷದಲ್ಲಿ ಹರಿದುಹಾಕುತ್ತಿದ್ದೆ.

"ಇಷ್ಟು ವರ್ಷ ನಾನು ಹೇಳ್ತಿದ್ದಾಗ ಯಾಕೆ ಸುಮ್ಮನಿದ್ದೆ?"

"ಚೆಂದಾಕೆ ಏಳ್ತಿದ್ದೆ. ನಂಗೇ ಇನ್ನೊಂದ್ ದಪ ನೋಡ್ದಂಗಾಗ್ತಿತ್ತು. ಅಷ್ಟು ಜನದ ಮುಂದೆ ಇಲ್ಲ ಅಂದಿದ್ರೆ ನಿನ್ನ ಮರ್ವಾದೆ?" ಅಕ್ಕ ಹುರುಳಿಯಲ್ಲಿದ್ದ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. "ಮತ್ತೆ ಕರ್ಕಂಡೋಗು ಅಂತ ಅಪ್ಪನ ಕಾಲು ಇಡ್ಕಂಡು ಅತ್ತಿದ್ದೆ. ಎಲ್ಲಿ? ಆ ವರ್ಸವೇ ನನ್ನ ಇಸ್ಕೂಲು ಬಿಡ್ಸಿದ್ರು. ಕಾಯ್ಲೆ ಬಿದ್ದೆದ್ದ ನಿನ್ನ ನೋಡ್ಕಳೋರು ಬೇಕಿತ್ತಲ್ಲ."

ದೂರಿನ ದನಿಯಲ್ಲಿ ಹೇಳಲಿಲ್ಲ. ಹಸು ಎಷ್ಟು ಹಾಲು ಕೊಟ್ಟಿತೆಂದು ಹೇಳುವ ಹಾಗೆ ಹೇಳಿದಳು. ಸಿಕ್ಕಿಬಿದ್ದವನು ನಾನೊಬ್ಬನೇ ಎಂದುಕೊಂಡು ಇಷ್ಟು ವರ್ಷ ರೈಲಿನ ಕಿಟಕಿಗೆ ತಲೆ ಆನಿಸಿ ಕೊರಗಿದ್ದೆ. ಇವಳಿಗೆ ಆ ಹಳ್ಳಿಯಿಂದ ಬಂಗಾರಪೇಟೆ ಸಂತೆಗೆ ಹೋಗಿಬರುವುದೇ ದೊಡ್ಡ ಪ್ರಯಾಣವಾಗಿತ್ತು.

"ಇನ್ನೊಂದ್ ದಪ ಆಕು," ಎಂದಳು. ಹಾಕಿದೆ. "ಏನ್ಲಾ ಅದ್ರ ಅರ್ತ?"

ಸಮುದ್ರದ ದಂಡೆಯ ಊರಿನ ಹೆಂಗಸು, ಪೆಟ್ಟಿಗೆ ಕಟ್ಟಿಟ್ಟುಕೊಂಡು ಹೊರಟು ಬಾ ಎನ್ನುವ ಕಾಗದಕ್ಕೆ ಕಾಯುತ್ತಾಳೆ, ಅಂಚೆಯವನು ಬಡಿಯುವುದು ಪಕ್ಕದ ಮನೆಯ ಬಾಗಿಲು, ನಾಳೆ ಬಂದೀತೆಂದು ಪೆಟ್ಟಿಗೆ ಬಿಚ್ಚಿಡುತ್ತಾಳೆ ಎಂದು ವಿವರಿಸಿದೆ.

"ಬಿಚ್ಚಿದ್ಲಾ? ಸುಳ್ಳು. ಪೆಟ್ಗೆ ಇಡ್ಕಂಡು ನನ್ನ ಪಕ್ಕದಾಗೇ ಬಂದ್ಲು. ಗೌನು ನನ್ನ ಮಂಡಿಗೆ ತಗುಲ್ತು. ಬಾಗಿಲು ದಾಟ್ಕಂಡು ಆಚ್ಗೆ ಓದ್ಲು."

ಹಾಡು ಮುಗಿದ ಮೇಲೆ ಪಾತ್ರಧಾರಿ ಪಕ್ಕಕ್ಕೆ ಸರಿಯಲೇಬೇಕು, ಆ ಬಾಗಿಲಾಚೆ ಇದ್ದದ್ದು ಬಟ್ಟೆ ಬದಲಾಯಿಸುವ ಕೋಣೆ ಎಂದು ಹೇಳಲು ನಾಲಿಗೆ ತುರಿಸಿತು. ವಾದ ನನ್ನ ಹಳೆಯ ಚಾಳಿ. ಆದರೆ ಆ ಹೆಂಗಸು ಹೋದಳು ಎಂದೇ ಅಕ್ಕ ನಲವತ್ತು ವರ್ಷ ನಂಬಿ ಬದುಕಿದ್ದಳು.

"ಎಲ್ಲಿಗೆ ಓದ್ಲು ಅಂತ ನಿನ್ನ ಟೇಪಲ್ಲಿ ಐತಾ?"

"ಇಲ್ಲ ಅಕ್ಕ."

"ಮತ್ತೆ?" ಎಂದು ಮೊರ ಎತ್ತಿಕೊಂಡಳು.

ಆಮೇಲೆ ಈ ಕಥೆ ಹೇಳಬೇಕಾಗಿ ಬಂದಾಗಲೆಲ್ಲ ಅಕ್ಕನದೆಂದೇ ಹೇಳಿದ್ದೇನೆ. ಆದರೂ ಆ ಹಳದಿ ಬೆಳಕಿನ ಮುಖ ಕಣ್ಣ ಮುಂದೆ ಬಂದು ನಿಲ್ಲುತ್ತದೆ. ಸುಳ್ಳೆಂದು ಗೊತ್ತಾದ ಮಾತ್ರಕ್ಕೆ ಅದು ಹೋಗುವುದಿಲ್ಲ. ತಲೆಯ ಮೇಲೆ ಅಪ್ಪ ಕೈಯಿಟ್ಟದ್ದೂ ಹಾಗೆಯೇ. ಆ ಕಾಲದ, ನನ್ನದೇ ಆದ ನೆನಪು ಬೇರೆ ಏನಾದರೂ ಇದೆಯೇ ಎಂದು ಹುಡುಕಿದರೆ ಸಿಗುವುದು ಬೇವಿನ ಸೊಪ್ಪಿನ ಕಹಿ ವಾಸನೆಯೊಂದೇ. ಅದೂ ಅಕ್ಕ ಹೇಳಿದ ಮೇಲೆ ಬಂದದ್ದೋ ಏನೋ.