ಗಟ್ಟಿಗಿತ್ತಿ ಟೇಬಲ್ಲಿನಿಂದ ಇಳಿದು ಓಡಿದ್ದು

ತಿರುವಿನ ಬೇಕರಿಗೆ ಹೆಸರಿಗೆ ಯಜಮಾನ ಗಂಡ. ನಡೆಯುತ್ತಿದ್ದುದು ಮಾತ್ರ ಹೆಂಡತಿಯ ರಟ್ಟೆಯ ಬಲದಿಂದ. ಅವನು ಮುಂದೆ ಕೂತು ಗಿರಾಕಿಗಳ ಜೊತೆ ಲೋಕಾಭಿರಾಮ ಹರಟುತ್ತಿದ್ದ. ಅವಳು ಹಿಂದಿನ ಕೋಣೆಯಲ್ಲಿ ಹಿಟ್ಟು ನಾದಿ, ಬನ್ನು ಬ್ರೆಡ್ಡು ಬೇಯಿಸಿ, ಭಟ್ಟಿಯಿಂದ ಕಾದ ತಟ್ಟೆಗಳನ್ನು ಎಳೆಯುತ್ತಿದ್ದಳು. ಮೊಣಕೈವರೆಗೂ ಸುಟ್ಟ ಗೆರೆಗಳು. ಒಮ್ಮೆ ತಟ್ಟೆ ಜಾರಿದಾಗ ಅದನ್ನು ಬರಿಗೈಯಲ್ಲೇ ಹಿಡಿದು, ಮೇಜಿನ ಮೇಲೆ ನೆಟ್ಟಗೆ ಇಟ್ಟು, ಆಮೇಲೆ ನೀರಿಗೆ ಕೈ ಅದ್ದಿದ್ದಳು. ಒಂದು ಬನ್ನೂ ನೆಲಕ್ಕೆ ಬೀಳಲಿಲ್ಲ. ಅಂದಿನಿಂದ ಬೀದಿಯವರ ಬಾಯಲ್ಲಿ ಅವಳು ಗಟ್ಟಿಗಿತ್ತಿ.

ಅವಳಿಗೂ ಆ ಹೆಸರಿನ ಮೇಲೆ ಒಳಗೊಳಗೇ ಹೆಮ್ಮೆ. ಬಂದ ಹೆಸರನ್ನು ಉಳಿಸಿಕೊಳ್ಳಬೇಕಲ್ಲ, ತಲೆ ಸಿಡಿಯುತ್ತಿದ್ದರೂ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಗಂಡನೋ, ನೆಗಡಿ ಬಂದರೆ ಮನೆಯನ್ನೇ ಆಸ್ಪತ್ರೆ ಮಾಡುವ ಜಾತಿ.

ಮುಟ್ಟು ನಿಂತು ವರ್ಷಗಳೇ ಕಳೆದ ಮೇಲೆ ಒಂದು ಬೆಳಿಗ್ಗೆ ಮತ್ತೆ ರಕ್ತ ಕಾಣಿಸಿತು. ಸ್ವಲ್ಪವೇ. ಹೋಗಲಿ ಅಂದುಕೊಂಡಳು, ಹೋಗಲಿಲ್ಲ. ಕೊನೆಗೆ ಮಗಳ ಕಿವಿಗೆ ಹಾಕಿದಳು. ಮಗಳು ಬಸ್ ಡಿಪೋದಲ್ಲಿ ಗುಮಾಸ್ತೆ, ಅಮ್ಮನ ಹಾಗೆ ಮುಚ್ಚಿಡುವವಳಲ್ಲ. ಮಾರನೆಯ ದಿನವೇ ಆಸ್ಪತ್ರೆಗೆ ಎಳೆದುಕೊಂಡು ಹೋದಳು.

"ಈ ವಯಸ್ಸಲ್ಲಿ ಹೀಗೆ ರಕ್ತ ಹೋಗಬಾರದಮ್ಮ. ಗರ್ಭಕೋಶದ ಒಳಗಿಂದ ಚಿಕ್ಕ ತುಣುಕು ತೆಗೆದು ಪರೀಕ್ಷೆಗೆ ಕಳಿಸ್ಬೇಕು. ಕೆಟ್ಟದ್ದೇನಾದ್ರೂ ಇದ್ರೆ ಬೇಗ ಗೊತ್ತಾಗ್ಲಿ," ಎಂದರು ಡಾಕ್ಟರಮ್ಮ. ಕೆಟ್ಟದ್ದು ಅಂದರೆ ಏನು ಅನ್ನುವುದನ್ನು ಗಟ್ಟಿಗಿತ್ತಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳ ಚಿಕ್ಕಮ್ಮ ಅದರಲ್ಲೇ ಹೋದವಳು.

ತುಣುಕು ತೆಗೆಯುವ ದಿನ ಮಗಳಿಗೆ ರಜೆ ಸಿಗಲಿಲ್ಲ, ಒಬ್ಬಳೇ ಹೋದಳು. ಆ ಕೋಣೆಯಲ್ಲೊಂದು ವಾಡಿಕೆ ಇತ್ತು. ಮರಗಟ್ಟಿಸುವ ಇಂಜೆಕ್ಷನ್ ಗೋಡೆಯ ಬೀರುವಿನಲ್ಲೇ ಇರುತ್ತಿತ್ತು. ಆದರೆ ಈ ಕೆಲಸಕ್ಕೆ ಯಾರಾದರೂ ಬಾಯಿಬಿಟ್ಟು ಕೇಳಿದರೆ ಮಾತ್ರ ಹೊರಗೆ ಬರುತ್ತಿತ್ತು. ಇದೆ ಅನ್ನುವುದೇ ಗೊತ್ತಿಲ್ಲದವರು ಕೇಳುವುದಾದರೂ ಹೇಗೆ? ಟೇಬಲ್ ಹತ್ತುವ ಪ್ರತಿ ಹೆಂಗಸಿಗೂ ನರ್ಸು ಕೇಳುತ್ತಿದ್ದುದು ಒಂದೇ ಪ್ರಶ್ನೆ: "ತಡ್ಕೊಳ್ತೀರಲ್ಲ?" ಹಾಗೆ ಕೇಳಿದರೆ ಇಲ್ಲ ಅನ್ನುವ ಹೆಂಗಸು ಯಾವ ಲೋಕದಲ್ಲಿದ್ದಾಳೆ!

ನಮ್ಮ ಗಟ್ಟಿಗಿತ್ತಿಗೆ ಆ ಪ್ರಶ್ನೆಯೂ ಇಲ್ಲ. ನರ್ಸು ಬೇಕರಿಯ ಖಾಯಂ ಗಿರಾಕಿ. "ನಿಮ್ಮನ್ನ ಕೇಳೋದೇನಿದೆ ಅಕ್ಕಾ, ಭಟ್ಟಿಗೇ ಕೈ ಹಾಕೋರು ನೀವು," ಎಂದು ನಕ್ಕಳು. ಇವಳೂ ನಕ್ಕಳು. ಮಾಡಿಕೊಂಡ ಎಡವಟ್ಟು ಅದೇ.

ಗರ್ಭಕೋಶದ ಬಾಯಿಯನ್ನು ಇಕ್ಕಳದಲ್ಲಿ ಹಿಡಿದಾಗ ಅವಳ ಉಸಿರು ನಿಂತಿತು. ಒಳಗೆ ಕೊಳವೆ ಹೋದಾಗ ಸೊಂಟದಿಂದ ನೆತ್ತಿಯವರೆಗೆ ಯಾರೋ ಸೀಳಿದಂತಾಯಿತು. "ಒಂದೇ ನಿಮಿಷ, ಸಡಿಲ ಬಿಡಿ," ಅನ್ನುತ್ತಿದ್ದರು ಡಾಕ್ಟರಮ್ಮ. ಸಡಿಲ ಬಿಡುವುದೆಲ್ಲಿ ಬಂತು! ಬೀದಿಯಲ್ಲಿ ಯಾರೂ ಕೇಳಿರದ ದನಿಯಲ್ಲಿ ಕಿರುಚಿದಳು. "ಬಿಡಿ, ಬಿಟ್ಬಿಡಿ ನನ್ನ!" ಅವರು ಕೈ ತೆಗೆದದ್ದೇ ತಡ, ಟೇಬಲ್ಲಿನಿಂದ ಇಳಿದು, ಸೀರೆ ಸುತ್ತಿಕೊಂಡು, ಬರಿಗಾಲಲ್ಲಿ ಬೀದಿಗೆ ಓಡಿದಳು. ತುಣುಕು ಸಿಗಲಿಲ್ಲ.

ಮನೆಯಲ್ಲಿ, "ಡಾಕ್ಟ್ರು ರಜೆ ಅಂತೆ," ಅಂದಳು. ಮುಂದಿನ ವಾರ ಭಟ್ಟಿ ಕೆಟ್ಟಿದೆ ಅಂದಳು. ಆಮೇಲೆ ಕಾಲು ನೋವು ಅಂದಳು. ಪಾಪ, ನೋವಿಗಿಂತ ಹೆಚ್ಚಾಗಿ ಅವಳನ್ನು ಸುಡುತ್ತಿದ್ದುದು ಅವಮಾನ. ಉಳಿದವರೆಲ್ಲ ತಡೆದುಕೊಂಡದ್ದನ್ನು ತಾನು ತಡೆಯಲಾರದೆ ಓಡಿದೆನಲ್ಲ ಎಂದು. ಬಟ್ಟೆ ಒಗೆಯುವಾಗ ಕಲೆ ಕಂಡಾಗಲೆಲ್ಲ ಚಿಕ್ಕಮ್ಮನ ಮುಖ ಕಣ್ಣೆದುರು ನಿಲ್ಲುತ್ತಿತ್ತು. ಟೇಬಲ್ ನೆನೆದು ಆಸ್ಪತ್ರೆಯ ಬೀದಿ ಬಿಟ್ಟು ಸುತ್ತುದಾರಿ ಹಿಡಿಯುತ್ತಿದ್ದಳು.

ಹೀಗಿರುವಾಗ ಗಂಡ ಹಲ್ಲು ಕೀಳಿಸಿಕೊಂಡು ಬಂದ. ಬಾಯಿ ಒಂದು ಕಡೆ ಸೊಟ್ಟಗಾಗಿತ್ತು, ಮಾತು ಮಾತ್ರ ನಿಂತಿರಲಿಲ್ಲ. "ಇಂಜೆಕ್ಷನ್ ಕೊಟ್ರು ಕಣೇ. ಆಮೇಲೆ ನೋವಿದ್ಯಾ ಅಂತ ಕೇಳಿದ್ರು. ಒಂಚೂರು ಇದೆ ಅಂದೆ. ಇನ್ನೊಂದು ಕೊಟ್ರು! ಹಲ್ಲು ಬಂದಿದ್ದೇ ಗೊತ್ತಾಗ್ಲಿಲ್ಲ."

ಹಿಟ್ಟು ನಾದುತ್ತಿದ್ದ ಕೈ ನಿಂತಿತು. "ಒಂದು ಹಲ್ಲಿಗೆ ಎರಡು ಇಂಜೆಕ್ಷನ್ನಾ?"

ಅಷ್ಟು ದಿನ ಕಟ್ಟಿಟ್ಟದ್ದೆಲ್ಲ ಒಡೆಯಿತು. ಇಕ್ಕಳ, ಕೊಳವೆ, ಕಿರುಚಿದ್ದು, ಓಡಿದ್ದು, ಸುಳ್ಳು ಹೇಳಿದ್ದು, ಎಲ್ಲವನ್ನೂ ಗಂಡನ ಮುಂದೆ, ಮಗಳ ಮುಂದೆ ಸುರಿದಳು. ಗಂಡ ದವಡೆ ಹಿಡಿದುಕೊಂಡು ಕೂತುಬಿಟ್ಟ.

"ನಿನ್ನ ಯಾರೂ ಕೇಳ್ಲೇ ಇಲ್ವೇನೇ, ನೋವಾಗ್ತಿದ್ಯಾ ಅಂತ?"

"ನೀವು ಯಾವತ್ತಾದ್ರೂ ಕೇಳಿದ್ದೀರಾ?"

ಅಂದು ಸಂಜೆ ಭಟ್ಟಿಯ ತಟ್ಟೆಗಳನ್ನು ಹರಟೆಮಲ್ಲನೇ ಎಳೆದ, ಎರಡು ಕಡೆ ಸುಟ್ಟುಕೊಂಡ.

ಮಗಳು ಈ ಸಲ ರಜೆ ಕೊಡುತ್ತಾರೋ ಇಲ್ಲವೋ ಎಂದು ನೋಡಲಿಲ್ಲ. ಆಸ್ಪತ್ರೆಯ ಮೆಟ್ಟಿಲ ಮೇಲೆ ಅಮ್ಮ ಕೇಳಿದಳು, "ಇಂಜೆಕ್ಷನ್ ಬೇಕು ಅಂದ್ರೆ ನಗಲ್ವೇನೇ ಅವ್ರು?"

"ನಕ್ಕೊಳ್ಳಲಿ ಬಿಡಮ್ಮ. ನೋವು ನಿಂದು, ಅವ್ರದ್ದಲ್ಲ."

ಅದೇ ಕೋಣೆ, ಅದೇ ನರ್ಸು. "ಈ ಸಲ ತಡ್ಕೊಳ್ತೀರಲ್ಲ ಅಕ್ಕಾ?"

ಗಟ್ಟಿಗಿತ್ತಿಗೆ ಕಾದ ತಟ್ಟೆ ಹಿಡಿಯುವುದೇ ಇದಕ್ಕಿಂತ ಸುಲಭ ಅನ್ನಿಸಿತು. "ಇಲ್ಲಮ್ಮ, ನನ್ ಕೈಲಿ ತಡ್ಕೊಳ್ಳೋಕಾಗಲ್ಲ. ಮರಗಟ್ಟಿಸೋ ಇಂಜೆಕ್ಷನ್ ಕೊಡಿ. ಕೊಟ್ರೇನೇ ಟೇಬಲ್ ಹತ್ತೋದು."

ಯಾರೂ ನಗಲಿಲ್ಲ. "ಅದಕ್ಕೇನಂತೆ, ಕೊಡೋಣ," ಎಂದರು ಡಾಕ್ಟರಮ್ಮ. ನರ್ಸು ಬೀರು ತೆರೆದು ಸಣ್ಣ ಶೀಸೆ ತೆಗೆದುಕೊಟ್ಟಳು. ಅಷ್ಟೇ ಕೆಲಸ. ಚುಚ್ಚುವಾಗ ಚುರುಕ್ಕೆಂದಿತು. ಆಮೇಲೆ ಸ್ವಲ್ಪ ಹೊತ್ತು ಕಾದರು. ಡಾಕ್ಟರಮ್ಮ ಮುಟ್ಟಿ ನೋಡಿ, "ಗೊತ್ತಾಗ್ತಿದ್ಯಾ?" ಎಂದು ಕೇಳಿ, ಇಲ್ಲ ಅಂದ ಮೇಲೇ ಮುಂದುವರಿದರು. ಹಿಂದೆಲ್ಲ ಮುಟ್ಟಿನ ದಿನಗಳಲ್ಲಿ ಆಗುತ್ತಿದ್ದಂತೆ ಕಿಬ್ಬೊಟ್ಟೆ ಒಮ್ಮೆ ಹಿಂಡಿ ಬಿಟ್ಟಿತು. ತುಣುಕು ಬಾಟಲಿಗೆ ಬಿತ್ತು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ, ಮಾತ್ರೆಯಲ್ಲೇ ವಾಸಿಯಾಯಿತು ಅನ್ನುವುದನ್ನು ಈಗಲೇ ಹೇಳಿಬಿಡೋಣ, ಓದುವವರ ಜೀವ ಹಿಂಡುವುದು ಬೇಡ.

ಆದರೆ ಕೆಲಸ ಮುಗಿದರೂ ಅವಳು ಟೇಬಲ್ಲಿನಿಂದ ಏಳಲಿಲ್ಲ. ಮೇಲಿನ ಚಾವಣಿ ನೋಡುತ್ತ ಮಲಗಿದ್ದವಳ ಕಣ್ಣಿಂದ ನೀರು ಕಿವಿಯ ಕಡೆಗೆ ಹರಿಯತೊಡಗಿತು. ಮಗಳು ಹುಟ್ಟಿದಾಗ ಹರಿದದ್ದನ್ನು ಮರಗಟ್ಟಿಸದೆ ಹಾಗೇ ಹೊಲಿದಿದ್ದರು, ಇಬ್ಬರು ಆಯಾಗಳು ಮೊಣಕಾಲು ಅದುಮಿ ಹಿಡಿದು, ಬಾಯಿ ಮುಚ್ಚು ಎಂದು ಗದರಿದ್ದರು. ಆಮೇಲೆ ಇನ್ನು ಮಕ್ಕಳು ಬೇಡವೆಂದು ಲೂಪ್ ಹಾಕಿಸಿಕೊಂಡದ್ದು, ಅದನ್ನು ಎಳೆದು ತೆಗೆದದ್ದು. ಎಲ್ಲವನ್ನೂ ಹಲ್ಲು ಕಚ್ಚಿ ನುಂಗಿದ್ದಳು, ಹೆಣ್ಣಿಗೆ ಇದು ಇದ್ದದ್ದೇ ಅಂದುಕೊಂಡು.

ನರ್ಸು ಗಾಬರಿಯಾಗಿ ಬಳಿ ಬಂದಳು. "ಯಾಕಕ್ಕಾ? ತುಂಬಾ ನೋವಾಯ್ತಾ?"

"ಆಗ್ಲಿಲ್ಲ ಕಣಮ್ಮಾ. ನೋವೇ ಆಗ್ಲಿಲ್ಲ. ಅದಕ್ಕೇ ಅಳು ಬರ್ತಿದೆ."